ಸಹಾಯ ಬೇಕು: ಬ್ಯಾಂಕಾಕ್‌ನಿಂದ ಬರುವ ವಿಯೆಟ್ನಾಮ್ ಕುಟುಂಬಕ್ಕೆ ಮಿಸ್ಸಿಸಾಗಾದಲ್ಲಿ ಬಾಡಿಗೆ ಮನೆ

ಟೊರಾಂಟೊ ಸುತ್ತಮುತ್ತಲಿನ ಕನ್ನಡಿಗರಿಗೆ ನಮಸ್ಕಾರ. ನಿರಾಶ್ರಿತರಿಗೆ ರಕ್ಷಣೆ ನೀಡುವ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕದ ಥಾಯ್ಲೆಂಡ್‌ನಲ್ಲಿ ನಿರಾಶ್ರಿತರಾಗಿ ವರ್ಷಗಟ್ಟಲೆ ಬಂಧನದ ಭಯದಲ್ಲೇ ದಿನ ದೂಡಿದ ನನ್ನ ಸಹೋದ್ಯೋಗಿಯ ತಂಗಿ, ಆಕೆಯ ಪತಿ ಮತ್ತು ಇಬ್ಬರು ಮಕ್ಕಳು, ಇಲ್ಲಿರುವ ನಾವು ಐವರು ಸೇರಿ ಸಲ್ಲಿಸಿದ್ದ ಖಾಸಗಿ ಪ್ರಾಯೋಜಕತ್ವದ (ನಿರಾಶ್ರಿತರನ್ನು ಇಲ್ಲಿನ ಜನರೇ ಕರೆಸಿಕೊಂಡು ನೋಡಿಕೊಳ್ಳುವ ವ್ಯವಸ್ಥೆ) ಅರ್ಜಿ ಮಂಜೂರಾಗಿರುವುದರಿಂದ, ಮುಂದಿನ ತಿಂಗಳು ಇಲ್ಲಿಗೆ ಬರಲಿದ್ದಾರೆ. ವಿಮಾನದ ಟಿಕೆಟ್ ಕೆನಡಾ ಸರ್ಕಾರದ ಸಾಲದಿಂದ ಆಗುತ್ತದೆ. ಅದನ್ನು ಅವರೇ ಮುಂದೆ ತೀರಿಸಬೇಕು. ಮೊದಲ 12 ತಿಂಗಳ ವಸತಿ, ಊಟ, ಬಟ್ಟೆಯ ಹೊಣೆ ಮಾತ್ರ ನಮ್ಮದು.

ಇಲ್ಲಿ ಕೆಲಸವಾಗಲಿ ಕ್ರೆಡಿಟ್ ಸ್ಕೋರ್ ಆಗಲಿ ಇಲ್ಲದವರಿಗೆ ಮನೆ ಕೊಡಲು ಮಾಲೀಕರು ಹಿಂಜರಿಯುತ್ತಾರೆ (ಹೊಸದಾಗಿ ಬಂದಾಗ ನಾವೂ ಇದನ್ನು ಕಂಡವರೇ). ಆದ್ದರಿಂದ ಎರಡು ಕೋಣೆಗಳ ಬೇಸ್‌ಮೆಂಟನ್ನಾದರೂ ಬಾಡಿಗೆಗೆ ಕೊಡಬಲ್ಲವರು, ಪಿಯರ್ಸನ್ ವಿಮಾನ ನಿಲ್ದಾಣದಿಂದ ಕರೆತರಲು ದೊಡ್ಡ ವಾಹನ ಒದಗಿಸಬಲ್ಲವರು ದಯವಿಟ್ಟು ನನಗೆ ಸಂದೇಶ ಕಳುಹಿಸಿ. ಬಾಡಿಗೆಗೆ ನಾವೇ ಜಾಮೀನು ನಿಲ್ಲುತ್ತೇವೆ.