ಛೆಟ್ರಿಯ ಫ್ರೀ ಕಿಕ್: ರೆಫರಿ ತಪ್ಪೋ, ಲೀಗ್ ಪಕ್ಷಪಾತವೋ?

ಹಾಸನದ ಅಭಿಮಾನಿ: 2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ಐಎಸ್‌ಎಲ್ ಫುಟ್‌ಬಾಲ್ ಲೀಗ್ ಪಂದ್ಯದಲ್ಲಿ ಕೇರಳ ಬ್ಲಾಸ್ಟರ್ಸ್‌ನವರು ಗೋಡೆ (ಚೆಂಡಿಗೆ ಅಡ್ಡ ನಿಲ್ಲುವ ಆಟಗಾರರ ಸಾಲು) ಕಟ್ಟುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಹೊಡೆದರು. ಅದು ಸರಿಯೇ? ಲೀಗ್ ಬೆಂಗಳೂರಿನ ಪರ ಅಂತ ಇನ್ನೂ ಕೂಗುತ್ತಾರಲ್ಲ.

ಚಿಕ್ಕಮಗಳೂರು ವಿಂಗರ್: ಫ್ರೀ ಕಿಕ್ ಬಗ್ಗೆ ಫುಟ್‌ಬಾಲ್‌ನ ನಿಯಮ 13 ನೋಡಿ ಸರ್. ಸೀಟಿಗೆ ಕಾಯಿರಿ ಎಂದು ರೆಫರಿ ಹೇಳದಿದ್ದರೆ ತಕ್ಷಣ ಒದೆಯಬಹುದು, ಎದುರಾಳಿ 9.15 ಮೀಟರ್ ಸರಿಯುವವರೆಗೂ ನಿಲ್ಲಬೇಕಿಲ್ಲ. ಆದರೆ ರೆಫರಿಯೇ ಗೋಡೆ ಹಿಂದೆ ಸರಿಸಲು ಹೊರಟರೆ ಸೀಟಿ ಬೇಕೇ ಬೇಕು. ಜಗಳವೆಲ್ಲ ಇದರ ಮೇಲೇ. ಏನೇ ಆದರೂ ಆ ಗೋಲಿಗೆ ಸಿಟ್ಟಾಗಿ ಕೇರಳದವರು ಮೈದಾನ ಬಿಟ್ಟು ಹೋದದ್ದು ತಪ್ಪು. ಅದಕ್ಕೇ ಅವರಿಗೆ 4 ಕೋಟಿ ರೂಪಾಯಿ ದಂಡ ಬಿತ್ತು.

ಸಕಲೇಶಪುರ ಗೋಲಿ: ಪಕ್ಷಪಾತ ಅನ್ನುವವರು ಒಂದೇ ಪಂದ್ಯ ಹಿಡಿದು ಕೂರಬೇಡಿ. ಇಡೀ ಸೀಸನ್‌ನಲ್ಲಿ ಸಿಕ್ಕ ಪೆನಾಲ್ಟಿಗಳನ್ನು ಎದುರಾಳಿ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್‌ನಲ್ಲಿ ತಂಡ ಎಷ್ಟು ಸಲ ಚೆಂಡು ಮುಟ್ಟಿತು ಎಂಬ ಲೆಕ್ಕಕ್ಕೆ ಹೋಲಿಸಿ. ಹೆಚ್ಚು ದಾಳಿ ಮಾಡುವ ತಂಡಕ್ಕೆ ಹೆಚ್ಚು ಪೆನಾಲ್ಟಿ ಸಿಗುವುದು ಸಹಜ.