ಸಹಾಯ ಬೇಕು: ಕನ್ನಡ ತಂತ್ರಾಂಶ ಸಮ್ಮೇಳನದ ಗೋಷ್ಠಿಗಳಿಗೆ ಸಮಯ ಹಂಚುವುದು ಹೇಗೆ?

ಗುಂಪಿನ ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕನ್ನಡ ತಂತ್ರಾಂಶಗಳ ಕುರಿತು ಮೈಸೂರಿನಲ್ಲಿ ನಾವು ನಡೆಸಲಿರುವ ಒಂದು ದಿನದ ಸಮ್ಮೇಳನಕ್ಕೆ ಫಾಂಟ್, ಹಳೆಯ ಪುಸ್ತಕಗಳ ಓಸಿಆರ್ (ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವುದು), ಧ್ವನಿಯಿಂದ ಪಠ್ಯ ಹಾಗೂ ಭಾಷಾ ಮಾದರಿಗಳು (ಅಪಾರ ಪಠ್ಯದಿಂದ ಕಲಿತು ತಾವೇ ಪಠ್ಯ ರಚಿಸುವ ತಂತ್ರಾಂಶಗಳು) ಎಂಬ ವಿಷಯಗಳಲ್ಲಿ ಪ್ರಬಂಧಗಳು ಬಂದಿವೆ. ಉದ್ಘಾಟನೆ, ಊಟ ಕಳೆದು ಉಳಿಯುವುದು ಐದು ಗಂಟೆ, ಸಭಾಂಗಣವೂ ಒಂದೇ.

ಪ್ರಬಂಧಗಳ ಸಂಖ್ಯೆಗೆ ತಕ್ಕಂತೆ ಹಂಚಿದರೆ ಅರ್ಧಕ್ಕಿಂತ ಹೆಚ್ಚು ಸಮಯ ಭಾಷಾ ಮಾದರಿಗಳಿಗೇ ಹೋಗುತ್ತದೆ. ಫಾಂಟ್ ಕುರಿತು ಬಂದಿರುವುದು ಒಂದೇ ಪ್ರಬಂಧವಾದರೂ, ಒತ್ತಕ್ಷರ ಮತ್ತು ಅರ್ಕಾವತ್ತು ಪರದೆಯ ಮೇಲೆ ಸರಿಯಾಗಿ ಮೂಡುವುದು ಫಾಂಟಿನೊಳಗಿನ ಓಪನ್‌ಟೈಪ್ ನಿಯಮಗಳನ್ನೂ ಅವನ್ನು ಅನ್ವಯಿಸುವ ಹಾರ್ಫ್‌ಬಝ್‌ನಂತಹ ತಂತ್ರಾಂಶವನ್ನೂ ಅವಲಂಬಿಸಿರುವುದರಿಂದ, ಅದಕ್ಕೆ ಪ್ರಾತ್ಯಕ್ಷಿಕೆ ಸಹಿತ ಒಂದು ಗಂಟೆಯಾದರೂ ಸಲ್ಲಬೇಕೆಂಬುದು ನನ್ನ ದೃಢ ಅಭಿಪ್ರಾಯ. ಅಂತರ್ಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಭೆಗಳಲ್ಲಿ ಪ್ರತಿ ಕಾರ್ಯತಂಡವೂ ತನಗೆ ಬೇಕಾದ ಅವಧಿಯನ್ನು ಮೊದಲೇ ಕೋರುತ್ತದೆ, ತನ್ನ ಗೋಷ್ಠಿಯ ಹೊತ್ತಿಗೇ ಯಾವ ತಂಡಗಳ ಗೋಷ್ಠಿ ಇರಬಾರದೆಂದೂ ತಿಳಿಸುತ್ತದೆ. ಸಭಾಂಗಣ ಒಂದೇ ಆದ್ದರಿಂದ ನಮಗೆ ಎರಡನೆಯದು ಬೇಕಿಲ್ಲ. ಮೊದಲನೆಯದನ್ನು ಅನುಸರಿಸಿದರೆ ಎಲ್ಲರೂ ಹೆಚ್ಚೇ ಕೇಳಬಹುದೆಂಬ ಆತಂಕವಿದೆ.

ಚರ್ಚೆ ಅಗತ್ಯವಿರುವ ವಿಷಯಗಳಿಗೆ ಮಾತ್ರ ದೀರ್ಘ ಅವಧಿ ಕೊಟ್ಟು, ಉಳಿದ ಪ್ರಬಂಧಗಳನ್ನು ಹತ್ತು ನಿಮಿಷದ ಮಾತಿಗೋ ಭಿತ್ತಿಪತ್ರ ಪ್ರದರ್ಶನಕ್ಕೋ ಸೀಮಿತಗೊಳಿಸಿದರೆ ಲೇಖಕರು ಒಪ್ಪುವರೇ? ಪ್ರಶ್ನೋತ್ತರಕ್ಕೆ ಪ್ರತಿ ಗೋಷ್ಠಿಯಲ್ಲಿ ಎಷ್ಟು ಪಾಲು ಮೀಸಲಿಡಬೇಕು? ಇಂತಹ ಸಮ್ಮೇಳನಗಳನ್ನು ನಡೆಸಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.