ಸಿಜೇರಿಯನ್ ಕೂಸಿಗೆ ದಮ್ಮು ಬರುತ್ತಾ ಡಾಕ್ಟ್ರೇ?

ಪ್ರಶ್ನೆ (ಹುಬ್ಬಳ್ಳಿ): ನಮಸ್ಕಾರ ಡಾಕ್ಟ್ರೇ. ಮಗಳಿಗೆ ಎರಡು ತಿಂಗಳು. ಹೊಟ್ಟೆಯಲ್ಲಿ ಅಡ್ಡ ಇದ್ದಳು ಅಂತ ಸಿಜೇರಿಯನ್ ಆಯ್ತು. ಮೊನ್ನೆ ಅತ್ತೆ, "ಹೊಟ್ಟೆ ಕೊಯ್ದು ತೆಗೆದ ಕೂಸಿಗೆ ದಮ್ಮು ಬರ್ತದಂತ" ಅಂದರು. ಅವತ್ತಿಂದ ಕೂಸು ಸೀನಿದರೂ ನನಗೆ ಎದೆ ಧಸಕ್ ಅನ್ನುತ್ತೆ. ನಿಜಾನಾ?

ಉತ್ತರ (ಮಕ್ಕಳ ಡಾಕ್ಟರ್, ಗದಗ): ಗಾಬರಿ ಬಿಡಿ ಅವ್ವಾ. ಅತ್ತೆ ಮಾತಿನಲ್ಲಿ ಕಾಲು ಭಾಗ ನಿಜ ಇದೆ. ನಾರ್ಮಲ್ ಹೆರಿಗೆಯಲ್ಲಿ ಕೂಸು ಬರುವಾಗಲೇ ತಾಯಿಯ ಕರುಳಿನ ಬ್ಯಾಕ್ಟೀರಿಯಾ ಹೊತ್ತುಕೊಂಡು ಬರುತ್ತೆ. ಆಪರೇಷನ್ ಆದ ಕೂಸಿಗೆ ಮೊದಲು ಸಿಗೋದು ಚರ್ಮದ್ದು, ಆಸ್ಪತ್ರೆಯದ್ದು. 2019ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 600 ಕೂಸುಗಳ ಕಕ್ಕ ಪರೀಕ್ಷೆ ಮಾಡಿದಾಗ ಇದೇ ಕಂಡಿತು. ಆದರೆ ತಿಂಗಳು ಕಳೆದಂತೆ ಈ ವ್ಯತ್ಯಾಸ ಬಹಳಷ್ಟು ಕರಗಿತ್ತು.

ಈ ಬ್ಯಾಕ್ಟೀರಿಯಾಕ್ಕೂ ದಮ್ಮಿಗೂ ನಂಟಿರಬಹುದು ಅಂತಾರೆ. ಸಿಜೇರಿಯನ್ ಮಕ್ಕಳಿಗೆ ಆಸ್ತಮಾ, ಅಂದರೆ ದಮ್ಮಿನ ಅಪಾಯ ಸುಮಾರು ಶೇ 20 ಜಾಸ್ತಿ ಅಂತ ಹಲವು ಅಧ್ಯಯನ ಒಟ್ಟು ಸೇರಿಸಿ ನೋಡಿದವರು ಹೇಳಿದ್ದಾರೆ. ಕೇಳಲಿಕ್ಕೆ ದೊಡ್ಡದು, ಆದರೆ 100 ಮಕ್ಕಳಲ್ಲಿ 10 ಇದ್ದದ್ದು 12 ಆದಂತೆ, ಅಷ್ಟೇ. ಇನ್ನೊಂದು ಮಾತು ನನಗೆ ಬಹಳ ಮುಖ್ಯ ಅನಿಸಿದ್ದು. 2020ರಲ್ಲಿ ಡೆನ್ಮಾರ್ಕಿನವರು 700 ಮಕ್ಕಳನ್ನು ನೋಡಿದರು. ಒಂದು ವರ್ಷವಾದರೂ ಕರುಳಿನ ಬ್ಯಾಕ್ಟೀರಿಯಾದಲ್ಲಿ ಸಿಜೇರಿಯನ್ ಗುರುತು ಉಳಿಸಿಕೊಂಡ ಮಕ್ಕಳಲ್ಲಷ್ಟೇ ಆಸ್ತಮಾ ಜಾಸ್ತಿ ಕಂಡಿತು, ಅಷ್ಟರಲ್ಲಿ ಸರಿಹೋದವರಲ್ಲಿ ಇಲ್ಲ. ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಹತ್ತು ತಿಂಗಳು ಇದೆ. ಆರು ತಿಂಗಳು ಬರೀ ಎದೆಹಾಲು ಕೊಡಿ. ಒಳ್ಳೆ ಬ್ಯಾಕ್ಟೀರಿಯಾಗೆ ಊಟವಾಗುವ ಸಕ್ಕರೆ ಅದರಲ್ಲೇ ಇದೆ. ಬರೀ ನೆಗಡಿಗೆ ಆಂಟಿಬಯೋಟಿಕ್ ಬೇಡ.

ಪ್ರಶ್ನೆ (ಅವರೇ): ಮೆಡಿಕಲ್ ಶಾಪಿನವರು ಒಳ್ಳೆ ಬ್ಯಾಕ್ಟೀರಿಯಾ ಇರುವ ಪ್ರೋಬಯೋಟಿಕ್ ಡ್ರಾಪ್ಸ್ ತಗೊಳ್ಳಿ ಅಂದರು. ತಾಯಿಯ ಯೋನಿ ದ್ರವ ಸಿಜೇರಿಯನ್ ಕೂಸಿಗೆ ಸವರೋ ವಿಡಿಯೋನೂ ನೋಡಿದೆ.

ಉತ್ತರ: ಡ್ರಾಪ್ಸ್ ಸುಮ್ನೆ ದುಡ್ಡು ದಂಡ, ಅಲರ್ಜಿ ತಡೆಯುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಸವರೋದಂತೂ ಮಾಡಲೇಬೇಡಿ, ಅದರ ಜೊತೆ ಸೋಂಕೂ ಹೋಗಬಹುದು. ಅಮೆರಿಕದ ಹೆರಿಗೆ ತಜ್ಞರ ಸಂಘವೂ ಸಂಶೋಧನೆ ಬಿಟ್ಟು ಬೇರೆ ಕಡೆ ಬೇಡ ಅಂದಿದೆ.

ಪ್ರಶ್ನೆ (ಹಾವೇರಿ): ನಡುವೆ ಬಂದೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಶೇಂಗಾ ಇಲ್ಲದ ದಿನ ಇಲ್ಲ. ಕೂಸಿಗೆ ಯಾವಾಗ ಕೊಡೋದು? ಅಲರ್ಜಿ ಆಗ್ತದೆ, ಎರಡು ವರ್ಷ ತಡೀರಿ ಅಂತಾರೆ.

ಉತ್ತರ: ತಡೆದರೇ ನಷ್ಟ! 2015ರ ಲಂಡನ್ ಅಧ್ಯಯನದಲ್ಲಿ ಬೇಗ ಶೇಂಗಾ ತಿಂದ ಮಕ್ಕಳಿಗೆ ಆ ಅಲರ್ಜಿ ಸುಮಾರು ಶೇ 80 ಕಡಿಮೆ ಇತ್ತು. ಆರು ತಿಂಗಳಾದ ಮೇಲೆ ಹುರಿದು ನುಣ್ಣಗೆ ಅರೆದು ಗಂಜಿಯಲ್ಲಿ ಸ್ವಲ್ಪ ಕಲಸಿ. ಇಡೀ ಕಾಳು ಬೇಡ, ಗಂಟಲಲ್ಲಿ ಸಿಕ್ಕೀತು. ಕೂಸಿಗೆ ಇಸಬು ಜೋರಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಹಾಂ, ಹುಬ್ಬಳ್ಳಿ ಅವ್ವಾ, ಬಾಣಂತಿ ಕೋಣೆಯಲ್ಲಿ ಲೋಬಾನ ಹಾಕ್ತೀರಾ? ಆ ಹೊಗೆ ನಿಲ್ಲಿಸಿ. ಕೂಸಿನ ಉಸಿರಿಗೆ ಅದು ಒಳ್ಳೆಯದಲ್ಲ.

ಹುಬ್ಬಳ್ಳಿಯಿಂದ: ಅತ್ತೆಗೆ ಪೂರ್ತಿ ಓದಿ ಹೇಳಿದೆ ಡಾಕ್ಟ್ರೇ. ಶೇಂಗಾಕ್ಕೆ ಖುಷಿ. ಲೋಬಾನಕ್ಕೆ ಮುಖ ಊದಿಸಿ ಕೂತಿದ್ದಾರೆ.